ನೀರಡಿಕೆಯ ಅನಿಲ: ಹೈಡ್ರೋಜನ್ ಕ್ಲೋರೈಡ್

ಉಪ್ಪಿಲ್ಲದ ಅಡಿಗೆಯಿಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಅದೇ ಉಪ್ಪಿನಿಂದ, ಮೂಗನ್ನು ಚುಚ್ಚಿ ಉಸಿರು ಕಟ್ಟಿಸುವ ಅನಿಲವೊಂದನ್ನು ಹತ್ತು ನಿಮಿಷದಲ್ಲಿ ಹೊರಡಿಸಬಹುದೆಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಆ ಅನಿಲದ ಹೆಸರು ಹೈಡ್ರೋಜನ್ ಕ್ಲೋರೈಡ್. ಅದು ನೀರಿನಲ್ಲಿ ಕರಗಿದರೆ ಹೈಡ್ರೋಕ್ಲೋರಿಕ್ ಆಮ್ಲ ಅಥವಾ ಲವಣಾಮ್ಲವಾಗುತ್ತದೆ. ಪರೀಕ್ಷೆಗಾಗಿ ನಾವು ಇದರ ತಯಾರಿಕೆಯನ್ನೂ ಗುಣಗಳನ್ನೂ ಬಾಯಿಪಾಠ ಮಾಡಿದ್ದೆವು. ಒಂದೊಂದು ಗುಣವೂ ಬೇರೆಬೇರೆಯಾಗಿ ತೋರುತ್ತಿತ್ತು, ಹಾಗಾಗಿ ಬೇಗನೆ ಮರೆತೂ ಹೋಗುತ್ತಿತ್ತು. ಪ್ರಯೋಗವನ್ನು ಕೈಯಾರೆ ಮಾಡಿದ ಮೇಲೆ, ಅದರಲ್ಲೂ ಒಮ್ಮೆ ಕೆಡಿಸಿಕೊಂಡ ಮೇಲೆ, ಒಂದು ಸಂಗತಿ ನಮಗೆ ಮನದಟ್ಟಾಯಿತು. ಈ ಅನಿಲಕ್ಕೆ ನೀರಡಿಕೆ ಬಹಳ. ಇದೊಂದನ್ನು ನೆನಪಿಟ್ಟರೆ ಉಳಿದ ಹೆಚ್ಚಿನ ಗುಣಗಳು ತಾವಾಗಿಯೇ ನೆನಪಿಗೆ ಬರುತ್ತವೆ.

ಮೊದಲು ತಯಾರಿಕೆಯನ್ನು ನೋಡೋಣ. ಗುಂಡುತಳದ ಫ್ಲಾಸ್ಕಿನಲ್ಲಿ ಸುಮಾರು 20 ಗ್ರಾಂ ಉಪ್ಪನ್ನು ಹಾಕಬೇಕು. ಪುಡಿಯುಪ್ಪಿಗಿಂತ ಹರಳುಪ್ಪು ಮೇಲು. ಪುಡಿಯಾದರೆ ಆಮ್ಲ ಬಿದ್ದೊಡನೆ ನೊರೆಯುಕ್ಕಿ ನಳಿಕೆಯವರೆಗೂ ಏರುತ್ತದೆ. ಫ್ಲಾಸ್ಕಿಗೆ ಎರಡು ತೂತಿನ ಬಿರಡೆ ಹಾಕಿ, ಒಂದರಲ್ಲಿ ಉದ್ದ ಕಾಲಿನ ತಿಸಲ್ ಆಲಿಕೆಯನ್ನೂ ಇನ್ನೊಂದರಲ್ಲಿ ಅನಿಲವನ್ನು ಒಯ್ಯುವ ಬಾಗಿದ ನಳಿಕೆಯನ್ನೂ ಜೋಡಿಸಬೇಕು. ಆಲಿಕೆಯ ಮೂಲಕ ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾರೆ. ಈ ಕೆಲಸವನ್ನು ನಮ್ಮ ಗುರುಗಳೇ ಮಾಡುತ್ತಾರೆ; ಅದಕ್ಕೆ ನಮ್ಮನ್ನು ಬಿಡುವುದಿಲ್ಲ. ಆಲಿಕೆಯ ತುದಿ ಆಮ್ಲದಲ್ಲಿ ಮುಳುಗಿರಲೇಬೇಕು, ಇಲ್ಲವಾದರೆ ಅನಿಲ ಆಲಿಕೆಯ ಬಾಯಿಂದಲೇ ಹೊರಟುಹೋಗುತ್ತದೆ. ಅನಂತರ ಸಣ್ಣ ಉರಿಯಲ್ಲಿ ಕಾಯಿಸಬೇಕು. ನಡೆಯುವ ಕ್ರಿಯೆ ಹೀಗಿದೆ:

ಸೋಡಿಯಂ ಕ್ಲೋರೈಡ್ + ಸಲ್ಫ್ಯೂರಿಕ್ ಆಮ್ಲ → ಸೋಡಿಯಂ ಬೈಸಲ್ಫೇಟ್ + ಹೈಡ್ರೋಜನ್ ಕ್ಲೋರೈಡ್

ಇನ್ನೂ ಬಲವಾಗಿ ಕಾಯಿಸಿದರೆ ಬೈಸಲ್ಫೇಟ್ ಉಳಿದ ಉಪ್ಪಿನೊಡನೆ ಸೇರಿ ಸೋಡಿಯಂ ಸಲ್ಫೇಟ್ ಆಗಿ, ಮತ್ತಷ್ಟು ಅನಿಲವನ್ನು ಕೊಡುತ್ತದೆ. ಆದರೆ ಅದಕ್ಕೆ ಬೇಕಾಗುವ ಕಾವನ್ನು ಶಾಲೆಯ ಗಾಜು ತಾಳುವುದಿಲ್ಲ. ಸಲ್ಫೇಟ್ ಕೂಡ ಗಾಜಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ರಯೋಗಶಾಲೆಯಲ್ಲಿ ಮೊದಲನೆಯ ಹಂತವೇ ಸಾಕು.

ಹೊರಟ ಅನಿಲದಲ್ಲಿ ತುಸು ತೇವವಿರುತ್ತದೆ. ಅದನ್ನು ಒಣಗಿಸಲು ಇನ್ನೊಂದು ಬಾಟಲಿಯಲ್ಲಿಟ್ಟ ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಮೂಲಕ ಹಾಯಿಸಬೇಕು. ಸುಟ್ಟ ಸುಣ್ಣ ಇಲ್ಲಿ ಕೆಲಸಕ್ಕೆ ಬಾರದು. ಅದು ಕ್ಷಾರಗುಣದ್ದಾದ್ದರಿಂದ ತೇವದ ಜೊತೆಗೆ ಅನಿಲವನ್ನೂ ಹಿಡಿದುಬಿಡುತ್ತದೆ. ಆಮ್ಲಜನಕವನ್ನು ಹಿಡಿದಂತೆ ಇದನ್ನು ನೀರಿನ ಮೇಲೆ ಹಿಡಿಯಲಾಗದು, ಏಕೆಂದರೆ ಜಾಡಿ ತುಂಬುವ ಮೊದಲೇ ನೀರು ಅದನ್ನು ಕುಡಿದಿರುತ್ತದೆ. 1772ರಲ್ಲಿ ಇಂಗ್ಲೆಂಡಿನ ಪ್ರೀಸ್ಟ್ಲಿ ನೀರಿನ ಬದಲು ಪಾದರಸದ ಮೇಲೆ ಹಿಡಿದುದರಿಂದಲೇ ಇದನ್ನು ಅನಿಲರೂಪದಲ್ಲಿ ಕೂಡಿಡಲು ಸಾಧ್ಯವಾಯಿತು. ನಮಗೆ ಪಾದರಸ ಬೇಕಿಲ್ಲ. ಈ ಅನಿಲ ಗಾಳಿಗಿಂತ ಸುಮಾರು 1.26 ಪಟ್ಟು ಭಾರವಾಗಿದೆ. ಬಾಯಿ ಮೇಲಾಗಿ ನಿಲ್ಲಿಸಿದ ಒಣ ಜಾಡಿಯ ತಳದವರೆಗೆ ನಳಿಕೆಯನ್ನು ಇಳಿಬಿಟ್ಟರೆ, ಅನಿಲ ಕೆಳಗೆ ಕೂತು ಗಾಳಿಯನ್ನು ಮೇಲಕ್ಕೆ ನೂಕುತ್ತದೆ. ಜಾಡಿ ತುಂಬಿತೇ ಎಂದು ತಿಳಿಯಲು ಅಮೋನಿಯಾ ದ್ರಾವಣದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಬಾಯಿಯ ಬಳಿ ಹಿಡಿಯಬೇಕು. ತುಂಬಿದ್ದರೆ ದಟ್ಟ ಬಿಳಿ ಹೊಗೆ ಏಳುತ್ತದೆ.

ಆ ಬಿಳಿ ಹೊಗೆ ಅಮೋನಿಯಂ ಕ್ಲೋರೈಡ್, ಅಂದರೆ ನಮ್ಮ ಹಿರಿಯರು ಹೇಳುವ ನವಸಾಗರ. ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರು ಓಣಿಗೆ ಬಂದಾಗ ಇದೇ ಕ್ರಿಯೆ ಹಿಂದುಮುಂದಾಗಿ ನಡೆಯುತ್ತದೆ. ಕೆಂಪಗೆ ಕಾದ ಪಾತ್ರೆಗೆ ನವಸಾಗರ ಬಿದ್ದೊಡನೆ ಅದು ಒಡೆದು ಅಮೋನಿಯಾ ಮತ್ತು ಹೈಡ್ರೋಜನ್ ಕ್ಲೋರೈಡ್ ಆಗುತ್ತದೆ. ಹೈಡ್ರೋಜನ್ ಕ್ಲೋರೈಡ್ ಲೋಹದ ಮೇಲಿನ ಕಿಲುಬನ್ನು ಕಿತ್ತು ತೆಗೆಯುತ್ತದೆ. ಆಗ ತವರ ನೇರವಾಗಿ ಲೋಹಕ್ಕೆ ಹತ್ತುತ್ತದೆ. ಮೇಲೇರಿ ತಣ್ಣಗಾದ ಅನಿಲಗಳೆರಡೂ ಮತ್ತೆ ಕೂಡಿ ಬಿಳಿ ಹೊಗೆಯಾಗುತ್ತವೆ. ಚಿಕ್ಕಂದಿನಲ್ಲಿ ಆ ಹೊಗೆಗೆ ಕೆಮ್ಮಿದವರು ನಮ್ಮಲ್ಲಿ ಅನೇಕರಿದ್ದಾರೆ.

ಇನ್ನು ನೀರಡಿಕೆಯ ವಿಚಾರ. ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಒಂದು ಲೋಟ ನೀರು ಸುಮಾರು 450 ಲೋಟ ಹೈಡ್ರೋಜನ್ ಕ್ಲೋರೈಡನ್ನು ನುಂಗಬಲ್ಲದು. ಸೊನ್ನೆ ಡಿಗ್ರಿಯಲ್ಲಾದರೆ ಸುಮಾರು 500 ಲೋಟ. ಕಾರಂಜಿ ಪ್ರಯೋಗ ಇದನ್ನೇ ಕಣ್ಣಿಗೆ ತೋರಿಸುತ್ತದೆ. ಒಣ ಅನಿಲ ತುಂಬಿದ ಫ್ಲಾಸ್ಕನ್ನು ಬೋರಲಾಗಿ ನಿಲ್ಲಿಸಿ, ಅದರ ನಳಿಕೆಯ ಕೆಳತುದಿಯನ್ನು ನೀಲಿ ಲಿಟ್ಮಸ್ ಬೆರೆಸಿದ ನೀರಿನಲ್ಲಿ ಇಳಿಬಿಟ್ಟು, ಒಳಕ್ಕೆ ನಾಲ್ಕು ಹನಿ ನೀರನ್ನು ಚಿಮ್ಮಿಸಬೇಕು. ಆ ಹನಿಗಳಲ್ಲಿ ಅನಿಲ ಕರಗಿ ಒಳಗಿನ ಒತ್ತಡ ಕುಸಿಯುತ್ತದೆ. ಹೊರಗಿನ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ನೀಲಿಯಾಗಿ ಹೊರಟ ನೀರು ಒಳಗೆ ಕೆಂಪು ಕಾರಂಜಿಯಾಗಿ ಚಿಮ್ಮುತ್ತದೆ. ಲಿಟ್ಮಸ್ ಇಲ್ಲದಿದ್ದರೆ ದಾಸವಾಳದ ಹೂವನ್ನು ಕುದಿಸಿದ ನೀರೂ ನಡೆಯುತ್ತದೆ.

ಇದೇ ಗುಣ ನಮಗೆ ಕಳೆದ ವರ್ಷ ಪಾಠ ಕಲಿಸಿತು. ಲವಣಾಮ್ಲವನ್ನು ನಾವೇ ಮಾಡಬೇಕೆಂಬ ಹುಮ್ಮಸ್ಸಿನಲ್ಲಿ, ಫ್ಲಾಸ್ಕ್ ಬಿಡುವಿಲ್ಲದ್ದರಿಂದ, ದೊಡ್ಡ ಪ್ರನಾಳಕ್ಕೆ ಒಂದೇ ತೂತಿನ ಬಿರಡೆ ಹಾಕಿದೆವು. ಅನಿಲ ಹೇಗೂ ನೀರಿಗೇ ಹೋಗುವುದಲ್ಲವೇ ಎಂದು ಒಣಗಿಸುವ ಬಾಟಲಿಯನ್ನೂ ಬಿಟ್ಟೆವು. ನಳಿಕೆಯ ತುದಿಯನ್ನು ಬೀಕರಿನ ನೀರಿನಲ್ಲಿ ಮುಳುಗಿಸಿದೆವು. ಕೆಲಸ ಸರಿಯಾಗಿಯೇ ನಡೆದಿತ್ತು. ಗಂಟೆ ಬಾರಿಸಿತೆಂದು ನಮ್ಮಲ್ಲೊಬ್ಬರು ದೀಪವನ್ನು ಮೊದಲು ತೆಗೆದರು. ಪ್ರನಾಳ ತಣ್ಣಗಾದಂತೆ ಬೀಕರಿನ ನೀರು ಸರಸರನೆ ನಳಿಕೆಯಲ್ಲಿ ಏರಿ ಕಾದ ಸಲ್ಫ್ಯೂರಿಕ್ ಆಮ್ಲದ ಮೇಲೆ ಬಿತ್ತು. ಠಪ್ಪೆಂದು ಪ್ರನಾಳ ಸೀಳಿತು. ಆಮ್ಲದ ಹನಿಗಳು ಮೇಜಿನ ಮೇಲೂ ಒಬ್ಬ ಗೆಳೆಯನ ತೋಳಿನ ಮೇಲೂ ಸಿಡಿದವು. ಗುರುಗಳು ಕೂಡಲೇ ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಕಾಲುಗಂಟೆಗೂ ಹೆಚ್ಚು ಹೊತ್ತು ನೀರು ಬಿಟ್ಟರು. ಎರಡು ಸಣ್ಣ ಕಲೆಗಳು ಉಳಿದವು. ಕಣ್ಣಿಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ಆ ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ತಿಸಲ್ ಆಲಿಕೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೆಂದು ಗುರುಗಳು ಆಮೇಲೆ ತಿಳಿಸಿದರು. ಒಳಗೆ ಒತ್ತಡ ಇಳಿದಾಗ ನೀರಿಗಿಂತ ಮೊದಲು ಹೊರಗಿನ ಗಾಳಿ ಆಲಿಕೆಯ ಮೂಲಕ ಗುಳುಗುಳು ಒಳಹೋಗುತ್ತದೆ. ಇನ್ನೊಂದು ಉಪಾಯವೆಂದರೆ ನಳಿಕೆಯ ತುದಿಗೆ ಒಂದು ಆಲಿಕೆಯನ್ನು ಬೋರಲಾಗಿ ಸಿಕ್ಕಿಸಿ, ಅದರ ಅಂಚು ನೀರನ್ನು ಮುಟ್ಟೀ ಮುಟ್ಟದಂತಿಡುವುದು. ನೀರು ಅಗಲವಾದ ಆಲಿಕೆಯೊಳಕ್ಕೆ ತುಸು ಏರಿದೊಡನೆ ಬೀಕರಿನ ಮಟ್ಟ ಅಂಚಿಗಿಂತ ಕೆಳಗಿಳಿಯುತ್ತದೆ, ಗಾಳಿ ನುಗ್ಗುತ್ತದೆ, ಏರಿದ ನೀರು ಮರಳಿ ಬೀಳುತ್ತದೆ. ಪುಸ್ತಕದ ಚಿತ್ರದಲ್ಲಿ ಆ ಆಲಿಕೆಯನ್ನು ನಾವು ಎಷ್ಟೋ ಸಲ ಬರೆದಿದ್ದೆವು. ಅದೇಕೆ ಅಲ್ಲಿದೆಯೆಂದು ಕೇಳಿರಲಿಲ್ಲ.

ನೀರಿಲ್ಲದಿದ್ದರೆ ಈ ಅನಿಲ ಆಮ್ಲದಂತೆ ವರ್ತಿಸುವುದೇ ಇಲ್ಲ. ಚೆನ್ನಾಗಿ ಒಣಗಿಸಿದ ಅನಿಲದಲ್ಲಿ ಒಣ ನೀಲಿ ಲಿಟ್ಮಸ್ ಕಾಗದ ನೀಲಿಯಾಗಿಯೇ ಇರುತ್ತದೆ. ಒದ್ದೆ ಮಾಡಿ ಇಳಿಬಿಟ್ಟರೆ ಕ್ಷಣದಲ್ಲಿ ಕೆಂಪಾಗುತ್ತದೆ. ನೀರಿನೊಡನೆ ಕೂಡಿದಾಗ ಮಾತ್ರ ಹೈಡ್ರೋನಿಯಂ ಅಯಾನುಗಳೂ ಕ್ಲೋರೈಡ್ ಅಯಾನುಗಳೂ ಬೇರ್ಪಡುತ್ತವೆ. ಆಮ್ಲಗುಣ ಅಲ್ಲಿಂದ ಬಂದದ್ದು. ಎಲ್ಲ ಆಮ್ಲಗಳಲ್ಲೂ ಆಮ್ಲಜನಕ ಇರಲೇಬೇಕೆಂದು ಲವಾಸಿಯೇ ತಿಳಿದಿದ್ದನು. 1810ರಲ್ಲಿ ಡೇವಿ ಕ್ಲೋರೀನು ಮೂಲವಸ್ತುವೆಂದು ತೋರಿಸಿದ ಮೇಲೆ, ಲವಣಾಮ್ಲದಲ್ಲಿ ಹೈಡ್ರೋಜನ್ ಮತ್ತು ಕ್ಲೋರೀನಲ್ಲದೆ ಬೇರೇನಿಲ್ಲವೆಂದು ಗೊತ್ತಾಯಿತು. ಕನ್ನಡದಲ್ಲಿ ಆಮ್ಲಜನಕವೆಂಬ ಹೆಸರು ಮಾತ್ರ ಆ ಹಳೆಯ ತಪ್ಪನ್ನು ಹೊತ್ತುಕೊಂಡೇ ಇದೆ. ಸಾಂದ್ರ ಲವಣಾಮ್ಲದ ಬಾಟಲಿ ತೆರೆದಾಗ ಹೊಗೆಯಾಡುವುದೂ ಗಾಳಿಯ ತೇವದಿಂದಲೇ. ನಮ್ಮ ಕಡೆ ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ಆ ಹೊಗೆ ತೆಳ್ಳಗೆ ಕಾಣುತ್ತದೆ, ಶ್ರಾವಣದಲ್ಲಿ ಬಾಟಲಿಯ ಬಾಯಿ ತುಂಬ ಬೆಳ್ಳಗಾಗುತ್ತದೆ. ಉಳಿದ ಗುಣಗಳು ಇಷ್ಟು: ಅನಿಲಕ್ಕೆ ಬಣ್ಣವಿಲ್ಲ, ತಾನೂ ಉರಿಯದು, ಉರಿಯುವ ಕಡ್ಡಿಯನ್ನೂ ಆರಿಸುತ್ತದೆ.

ನಮ್ಮ ಊರುಗಳಲ್ಲಿ ಈ ಆಮ್ಲಕ್ಕೆ ಕೆಲಸ ಬಹಳ. ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಎರಡರ ಒಂದೊಂದು ಎಳೆಯನ್ನು ಸಾಂದ್ರ ಲವಣಾಮ್ಲದಲ್ಲಿ ಹಾಕಿದರೆ ರೇಷ್ಮೆ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ, ಹತ್ತಿ ಉಳಿಯುತ್ತದೆ. ಉಳಿಯಿತೆಂದು ಹಿಗ್ಗಬಾರದು. ಆ ಹತ್ತಿಯ ಎಳೆಯನ್ನು ತೊಳೆಯದೆ ಕಾಯಿಸಿ ಒಣಗಿಸಿದರೆ ಬೆರಳಲ್ಲಿ ಪುಡಿಯಾಗುತ್ತದೆ.

ಜರಿಯ ಪರೀಕ್ಷೆ ಇನ್ನೂ ಸ್ವಾರಸ್ಯದ್ದು. ಅಸಲಿ ಜರಿಯೆಂದರೆ ರೇಷ್ಮೆಯ ಎಳೆಗೆ ಸುತ್ತಿದ ಬೆಳ್ಳಿಯ ತಂತಿ, ಅದರ ಮೇಲೆ ಚಿನ್ನದ ಲೇಪ. ನಕಲಿಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ, ಇಲ್ಲವೇ ಪ್ಲಾಸ್ಟಿಕ್ಕಿನ ಪಟ್ಟಿ. ಹರಿದ ಹಳೆಯ ಸೀರೆಯ ಒಂದು ಜರಿಯೆಳೆಯನ್ನು ದುರ್ಬಲ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಸೋಸಿ, ಎರಡು ಹನಿ ದುರ್ಬಲ ಲವಣಾಮ್ಲ ಬಿಟ್ಟೆವು. ಒಡೆದ ಹಾಲಿನಂತೆ ಬಿಳಿ ಗರಣೆ ಕಟ್ಟಿತು. ಅದು ಸಿಲ್ವರ್ ಕ್ಲೋರೈಡ್. ಕಿಟಕಿಯ ಬಿಸಿಲಿಗೆ ಇಟ್ಟಾಗ ನೇರಳೆಗೆ ತಿರುಗಿತು. ಅಜ್ಜಿಯ ಸೀರೆಯ ಜರಿ ಅಸಲಿಯಾಗಿತ್ತು. ಹೊಸ ಸೀರೆಯೊಂದರ ಎಳೆ ದ್ರಾವಣವನ್ನು ನೀಲಿಯಾಗಿಸಿತು, ತುಸು ಮಸುಕಾಯಿತು, ಗರಣೆ ಕಟ್ಟಲಿಲ್ಲ. ಅದು ಯಾರ ಮನೆಯದೆಂದು ಇಲ್ಲಿ ಬರೆಯುವುದು ಬೇಡ.

ನಾರಾಯಣಪೇಟೆಯಲ್ಲಿ ಅಕ್ಕಸಾಲಿಗರು ಒರೆಗಲ್ಲಿನ ಮೇಲಿನ ಚಿನ್ನದ ಗೆರೆಗೆ ಬಿಡುವ ತೇಜಾಬು ಮುಖ್ಯವಾಗಿ ನೈಟ್ರಿಕ್ ಆಮ್ಲ. ಅದು ಬೆರೆಸಿದ ತಾಮ್ರವನ್ನು ತಿನ್ನುತ್ತದೆ, ಚಿನ್ನವನ್ನು ಬಿಡುತ್ತದೆ. ಅದರ ಒಂದು ಪಾಲಿಗೆ ಮೂರು ಪಾಲು ಸಾಂದ್ರ ಲವಣಾಮ್ಲ ಸೇರಿಸಿದರೆ ಆಗುವ ರಾಜದ್ರವ ಚಿನ್ನವನ್ನೂ ಕರಗಿಸುತ್ತದೆ. ಲವಣಾಮ್ಲಕ್ಕೆ ಉರ್ದುವಿನಲ್ಲಿ ನಮಕ್ ಕಾ ತೇಜಾಬ್ ಎಂದು ಹೆಸರು. ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಆ ಮಾತು ಇಲ್ಲಿ ಉಳಿದಿದೆ. ಗದ್ವಾಲವಂತೂ 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಹೀಗೆ ಉರ್ದು, ಕನ್ನಡ, ತೆಲುಗು, ಇಂಗ್ಲಿಷು ಸೇರಿ ನಮ್ಮ ನಾಲಿಗೆಯ ಮೇಲೆ ಒಂದೇ ವಸ್ತುವಿಗೆ ನಾಲ್ಕು ಹೆಸರು. ಅದರಿಂದ ಕೇಡಿಲ್ಲ, ಹತ್ತನೆಯ ತರಗತಿಯ ಮುಂದೆ ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮಗೆ ಎಲ್ಲವೂ ಬೇಕು. ಕೇಡಿರುವುದು ಮೂರು ನಾಲ್ಕು ಬಗೆಯ ಆಮ್ಲಗಳಿಗೆಲ್ಲ ಬರೀ ‘ಆಸಿಡ್’ ಎಂದು ಹೇಳುವುದರಲ್ಲಿ. ಚೀಟಿಯಿಲ್ಲದ ಬಾಟಲಿಯಲ್ಲಿ ಯಾವುದಿದೆಯೆಂದು ಬಣ್ಣ ನೋಡಿ ಹೇಳಲಾಗದು.

ಪಾಯಿಖಾನೆ ತೊಳೆಯಲು ಮನೆಗೆ ತರುವ ಆಸಿಡ್ ಬಹುಮಟ್ಟಿಗೆ ಲವಣಾಮ್ಲವೇ. ಅದು ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪುಡಿಯನ್ನು ಎಂದೂ ಹಾಕಬಾರದು. ಎರಡೂ ಕೂಡಿದರೆ ಕ್ಲೋರೀನ್ ಅನಿಲ ಹೊರಡುತ್ತದೆ. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಇಂಥ ಆಮ್ಲಗಳ ಬಿಡಿ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ಕಟ್ಟುಪಾಡು ಹಾಕಿತು. ಹದಿನೆಂಟು ತುಂಬದವರಿಗೆ ಮಾರಕೂಡದು. ಅಂಗಡಿಗೆ ನಮ್ಮನ್ನು ಕಳಿಸಿದರೆ ಹಾಗೆಂದು ಮನೆಯಲ್ಲಿ ಹೇಳಬಹುದು. ಅನಿಲವನ್ನೇ ಊರ ಮೇಲೆ ಬಿಟ್ಟ ಕಾಲವೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳು ಉಪ್ಪಿಗೆ ಇದೇ ಸಲ್ಫ್ಯೂರಿಕ್ ಆಮ್ಲ ಹಾಕಿ, ಹೊರಟ ಅನಿಲವನ್ನು ಹೊಗೆಗೂಡಿನಿಂದ ಬಿಡುತ್ತಿದ್ದವು. ಸುತ್ತಲಿನ ಮರಗಿಡಗಳು ಒಣಗಿದವು. 1863ರ ಕಾನೂನು, ನೂರಕ್ಕೆ 95 ಪಾಲು ಅನಿಲವನ್ನು ಹಿಡಿಯಲೇಬೇಕೆಂದು ವಿಧಿಸಿತು. ಹಿಡಿದದ್ದು ಹೇಗೆ? ಗೋಪುರದಲ್ಲಿ ಮೇಲಿಂದ ನೀರು ಸುರಿಸಿ, ಕೆಳಗಿನಿಂದ ಅನಿಲ ಬಿಟ್ಟು.

ಪ್ರಯೋಗ ಮುಗಿದ ಮೇಲೆ ಉಳಿದ ಆಮ್ಲವನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಮಕ್ತಲದ ಕಡೆಯ ಗೆಳೆಯರು ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನು ಚೀಲದಲ್ಲಿ ತಂದಿದ್ದರು. ಗುಡ್ಡದ ಕಗ್ಗಲ್ಲಿನ ಚೂರಿಗೆ ಆಮ್ಲದ ಹನಿ ಬಿಟ್ಟರೆ ಏನೂ ಆಗಲಿಲ್ಲ. ಹರಳಿನ ಮೇಲೆ ಬಿಟ್ಟೊಡನೆ ಬುಸುಗುಟ್ಟಿ ನೊರೆ ಬಂತು. ಅದು ಇಂಗಾಲದ ಡೈಆಕ್ಸೈಡ್. ಉಳಿದ ಆಮ್ಲಕ್ಕೆ ಬಹಳಷ್ಟು ನೀರು ಸೇರಿಸಿ, ಮಣ್ಣಿನ ಕುಂಡದಲ್ಲಿ ಹರಳುಗಳ ಮೇಲೆ ಸುರಿದು, ನೊರೆ ನಿಲ್ಲುವವರೆಗೆ ಕಾದೆವು. ಲಿಟ್ಮಸ್ ಕಾಗದ ಅದ್ದಿ ನೋಡಿದ ಮೇಲೆ ಕುಂಡದ ನೀರನ್ನು ಆಟದ ಬಯಲಿನ ಆಚೆ ಚೆಲ್ಲಿದೆವು.