ಭಿಕ್ಷುಕರ ಹೆಸರಲ್ಲಿ ನೀವು ಕೊಟ್ಟ ದುಡ್ಡು

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಮನೆ ಮಾಲೀಕರಿಗೆ ಒಂದೇ ಧಾವಂತ. ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇಕಡ 5 ರಿಯಾಯಿತಿ. ನಾನೂ ಆ ಸಾಲಿನಲ್ಲಿ ಇರುವವನೇ. ಕಟ್ಟಿ ಮುಗಿಸಿ ರಸೀದಿಯನ್ನು ಟೇಬಲ್ ಮೇಲೆ ಇಟ್ಟಿದ್ದೆ. ಕಾಲೇಜಿಗೆ ಹೋಗುವ ಮಗಳು ಅದನ್ನು ಎತ್ತಿಕೊಂಡು ಓದಿದಳು. 'ಅಪ್ಪಾ, ತೆರಿಗೆ ಮೇಲೆ ಸೆಸ್ ಅಂತ ಬೇರೆ ಹಾಕಿದ್ದಾರಲ್ಲ, ಏನದು?'

ಆರೋಗ್ಯಕ್ಕೆ, ಲೈಬ್ರರಿಗೆ, ಭಿಕ್ಷುಕರಿಗೆ ಅಂದೆ.

'ಭಿಕ್ಷುಕರಿಗಾ? ಮತ್ತೆ ಅವರು ಇನ್ನೂ ಸಿಗ್ನಲ್‌ನಲ್ಲೇ ನಿಂತಿರ್ತಾರಲ್ಲ?'

ದಿನಾ ರಾತ್ರಿ ಮಂತ್ರಿಗಳಿಗೆ ಪ್ರಶ್ನೆ ಕೇಳುವ ನನಗೆ ಅವತ್ತು ಮನೆಯಲ್ಲಿ ಉತ್ತರ ಹೊಳೆಯಲಿಲ್ಲ.

ಸೆಸ್ ಅಂದರೆ ಏನು ನೋಡಿ. ಸಾಮಾನ್ಯ ತೆರಿಗೆ ಎಲ್ಲವೂ ಒಂದೇ ಹುಂಡಿಗೆ ಬೀಳುತ್ತದೆ. ಅದರಿಂದ ರಸ್ತೆಯನ್ನಾದರೂ ಮಾಡಲಿ, ಸಂಬಳವನ್ನಾದರೂ ಕೊಡಲಿ, ಸರ್ಕಾರಕ್ಕೆ ಬಿಟ್ಟಿದ್ದು. ಸೆಸ್ ಹಾಗಲ್ಲ. ಅದು ವಿಳಾಸ ಬರೆದ ಲಕೋಟೆ. ಇಂಥ ಕೆಲಸಕ್ಕೆ ಅಂತ ಹೇಳಿಯೇ ನಿಮ್ಮಿಂದ ಇಸಿದುಕೊಂಡ ದುಡ್ಡು.

ನಿಮ್ಮ ಆಸ್ತಿ ತೆರಿಗೆ 10,000 ರೂಪಾಯಿ ಅಂತಿಟ್ಟುಕೊಳ್ಳಿ. ಅದರ ಮೇಲೆ ಶೇಕಡ 15ರ ಲೆಕ್ಕದಲ್ಲಿ ಆರೋಗ್ಯಕ್ಕೆ 1,500, ಶೇಕಡ 6ರಂತೆ ಗ್ರಂಥಾಲಯಕ್ಕೆ 600, ಶೇಕಡ 3ರಂತೆ ಭಿಕ್ಷುಕರ ಹೆಸರಲ್ಲಿ 300. ಒಟ್ಟು 2,400 ರೂಪಾಯಿ. ಬಾಡಿಗೆ ಮನೆಯವರು 'ನಮಗೇನು ಸಂಬಂಧ' ಅನ್ನಬೇಡಿ. ಮಾಲೀಕ ಅದನ್ನು ನಿಮ್ಮ ಬಾಡಿಗೆಯಲ್ಲಿ ಸೇರಿಸಿಯೇ ಸೇರಿಸುತ್ತಾನೆ. ಸೋಪು, ಬಿಸ್ಕತ್ತು ಕೊಂಡವರೆಲ್ಲ ಜಿಎಸ್‌ಟಿ ಕಟ್ಟುವ ಹಾಗೆಯೇ ಇದೂ. ಈ ದೇಶದಲ್ಲಿ ತೆರಿಗೆ ಕಟ್ಟದವರು ಅಂತ ಯಾರೂ ಇಲ್ಲ.

ಭಿಕ್ಷುಕರ ಸೆಸ್ಸಿಗೆ ಒಂದು ಕಾನೂನಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ನಗರಸಭೆ, ಪಾಲಿಕೆಗಳು ಸೆಸ್ ವಸೂಲಿ ಮಾಡಬೇಕು, ಅದು ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ಆ ಹಣದಲ್ಲಿ ನಿರಾಶ್ರಿತರಿಗೆ ಊಟ, ಔಷಧಿ, ಒಂದು ಕಸುಬು. ಕಾಗದದ ಮೇಲೆ ಎಷ್ಟು ಚಂದ ಅಲ್ವಾ?

ಈಗ 2010ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ. ಕೆಲವೇ ದಿನಗಳಲ್ಲಿ ಅಲ್ಲಿದ್ದವರು ಒಬ್ಬರ ಹಿಂದೆ ಒಬ್ಬರು ಸತ್ತರು. ಹಿಡಿಯಲಾರದಷ್ಟು ಜನರನ್ನು ತುಂಬಿದ್ದರು, ಶುಚಿತ್ವ ಇರಲಿಲ್ಲ. ದುಡ್ಡಿಲ್ಲದೆ ಸತ್ತರು ಅಂತ ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಅವರ ಹೆಸರಲ್ಲಿ ಈ ನಗರದ ಮನೆಮನೆಯಿಂದ ಸೆಸ್ ವಸೂಲಿ ಆಗುತ್ತಿತ್ತು. ನಮ್ಮಲ್ಲಿ ಎಷ್ಟು ಜನ ಅದರ ಲೆಕ್ಕ ಕೇಳಿದ್ದೆವು? ಆಮೇಲೂ ಅಷ್ಟೇ. ಪಾಲಿಕೆ ಸೆಸ್ ಹಣ ಬಾಕಿ ಉಳಿಸಿಕೊಂಡಿದೆ ಅನ್ನುವ ಸುದ್ದಿಯನ್ನು ನಾವು ಪತ್ರಕರ್ತರು ಎಷ್ಟು ಸಲ ಮಾಡಿದ್ದೇವೋ! ಗ್ರಂಥಾಲಯ ಸೆಸ್ಸಿನದೂ ಅದೇ ಕಥೆ. ಜನ ಕೊಟ್ಟ ಲಕೋಟೆಯನ್ನು ಅಂಚೆಯಣ್ಣನೇ ಜೇಬಿಗೆ ಇಳಿಸಿದ ಹಾಗೆ.

ಇದು ಬೆಂಗಳೂರಿನ ಕಥೆ ಮಾತ್ರ ಅಂದುಕೊಂಡರೆ ತಪ್ಪು. ದೆಹಲಿ ಇದರಲ್ಲಿ ಇನ್ನೂ ದೊಡ್ಡ ಆಟಗಾರ. 2004ರಲ್ಲಿ ಶಿಕ್ಷಣ ಸೆಸ್ ಬಂತು, ಶೇಕಡ 2. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಇನ್ನೊಂದು ಶೇಕಡ 1. ಈ ಎರಡನೇ ಸೆಸ್ಸಿನಲ್ಲಿ 2016-17ರವರೆಗೆ ಬಂದ ಹಣ 83,497 ಕೋಟಿ ರೂಪಾಯಿ. ಆದರೆ ಆ ಹಣ ಇಡಲು ಬೇಕಾದ ಪ್ರತ್ಯೇಕ ನಿಧಿಯನ್ನೇ ಅಲ್ಲಿಯವರೆಗೆ ತೆರೆದಿರಲಿಲ್ಲ! ಇದನ್ನು ಹೇಳಿದ್ದು ವಿರೋಧ ಪಕ್ಷ ಅಲ್ಲ, ಮಹಾಲೇಖಪಾಲರು, ಅಂದರೆ ಸಿಎಜಿ. ಆ ಅವಧಿಯಲ್ಲಿ ಎರಡೂ ಬಣದ ಸರ್ಕಾರಗಳು ಬಂದು ಹೋಗಿವೆ. ಹಾಗಾಗಿ ಯಾರೂ ಯಾರ ಕಡೆಗೂ ಬೆರಳು ತೋರಿಸುವಂತಿಲ್ಲ. 2018ರಿಂದ ಅದೇ ಸೆಸ್ ಆರೋಗ್ಯವನ್ನೂ ಸೇರಿಸಿಕೊಂಡು ಶೇಕಡ 4 ಆಗಿದೆ. ನಿಮ್ಮ ಆದಾಯ ತೆರಿಗೆ 1 ಲಕ್ಷ ಇದ್ದರೆ ಇದಕ್ಕೇ 4,000 ರೂಪಾಯಿ.

ಸರ್ಕಾರದ ವಾದವನ್ನೂ ಕೇಳೋಣ. 'ಸೆಸ್ಸಿನಲ್ಲಿ ಬಂದದ್ದಕ್ಕಿಂತ ಹೆಚ್ಚೇ ಶಾಲೆಗೆ, ಆಸ್ಪತ್ರೆಗೆ ಖರ್ಚು ಮಾಡುತ್ತೇವೆ. ಯಾವ ಜೇಬಿನಿಂದ ಕೊಟ್ಟರೇನು?' ಒಪ್ಪೋಣ. ಹಾಗಾದರೆ ಸೆಸ್ ಅಂತ ಹೆಸರಿಟ್ಟು ಯಾಕೆ ವಸೂಲಿ ಮಾಡುತ್ತೀರಿ? ತೆರಿಗೆ ದರವನ್ನೇ ನೇರವಾಗಿ ಏರಿಸಿ.

ಏರಿಸುವುದಿಲ್ಲ. ಕಾರಣ ಎರಡು. ಮಕ್ಕಳ ಓದಿಗೆ ಅಂದರೆ ಜನ ತಕರಾರು ಮಾಡುವುದಿಲ್ಲ, ಇದು ಒಂದು. ಎರಡನೆಯದು ಒಳಗುಟ್ಟು. ಕೇಂದ್ರದ ಸಾಮಾನ್ಯ ತೆರಿಗೆ ನಿವ್ವಳ 100 ರೂಪಾಯಿ ಬಂದರೆ 41 ರೂಪಾಯಿ ರಾಜ್ಯಗಳಿಗೆ ಹಂಚಬೇಕು. ಸೆಸ್, ಸರ್ಚಾರ್ಜ್ ಆದರೆ ಸಂವಿಧಾನದ 270ನೇ ವಿಧಿಯ ಪ್ರಕಾರ ಹಂಚುವಂತಿಲ್ಲ. ಪೂರ್ತಿ ದೆಹಲಿಗೇ.

14ನೇ ಹಣಕಾಸು ಆಯೋಗದಲ್ಲಿ ಶೇಕಡ 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗಕ್ಕೆ ಬರುವಾಗ 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ನಮ್ಮ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತು 'ನಮ್ಮ ತೆರಿಗೆ, ನಮ್ಮ ಹಕ್ಕು' ಅಂದರು. ಸರಿಯಾದ ಮಾತೇ. ಸೆಸ್ ಹೆಸರಲ್ಲಿ ದೆಹಲಿ ದುಡ್ಡು ಇಟ್ಟುಕೊಳ್ಳುತ್ತದೆ ಅನ್ನುವ ದೂರೂ ಸರಿ.

ಆದರೆ ಅದೇ ಮಾತನ್ನು ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ ತಟ್ಟೆ ಹಿಡಿದು ನಿಂತವರೂ ಹೇಳಬಹುದಲ್ಲ? ನಮ್ಮ ಸೆಸ್, ನಮ್ಮ ಹಕ್ಕು ಅಂತ. ಅವರಿಗೆ ಜಂತರ್ ಮಂತರ್ ಇಲ್ಲ, ಮೈಕ್ ಇಲ್ಲ. ಅವರ ಪರವಾಗಿ ಕೇಳಬೇಕಾದವರು ದುಡ್ಡು ಕೊಟ್ಟ ನಾವೇ.

ತೆರಿಗೆ ಹೆಚ್ಚಾಯ್ತು ಅಂತ ಗೊಣಗುವುದು ಸುಲಭ. ಅದಕ್ಕಿಂತ ಒಂದು ಕೆಲಸ ಮಾಡಿ. ನಿಮ್ಮ ರಸೀದಿ ತೆಗೆದು ಸೆಸ್ಸಿನ ಮೊತ್ತ ಎಷ್ಟು ಅಂತ ನೋಡಿ. ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಎರಡೇ ಪ್ರಶ್ನೆ ಕೇಳಿ: ಭಿಕ್ಷುಕರ ಹೆಸರಲ್ಲಿ ಎಷ್ಟು ವಸೂಲಿ ಮಾಡಿದಿರಿ, ಅದರಲ್ಲಿ ಎಷ್ಟು ದಾಟಿಸಿದಿರಿ? 30 ದಿನದಲ್ಲಿ ಉತ್ತರ ಕೊಡಬೇಕು, ಕಾನೂನಿದೆ.

ನನ್ನ ಅರ್ಜಿ ಹೋಗಿದೆ. ಉತ್ತರ ಬಂದ ದಿನ ಮೊದಲು ಮಗಳಿಗೆ ಹೇಳುತ್ತೇನೆ, ಆಮೇಲೆ ನಿಮಗೆ.