ದವಡೆ ಕೀಲಿನ ನೋವು ಮತ್ತು ಹಲ್ಲು ಕಡಿಯುವಿಕೆ: ಕಾರಣಗಳು ಹಾಗೂ ಚಿಕಿತ್ಸೆ

(ಆಳಂದ ತಾಲ್ಲೂಕಿನ ನಿಂಬರ್ಗಾ ಹೋಬಳಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರ ಮಾಹಿತಿಗಾಗಿ)

ಬೆಳಿಗ್ಗೆ ಎದ್ದೊಡನೆ ಕೆನ್ನೆ ಬಿಗಿದಂತಾಗುವುದು, ರೊಟ್ಟಿ ಜಗಿಯುವಾಗ ಕಿವಿಯ ಮುಂದೆ ನೋಯುವುದು, ಆಕಳಿಸುವಾಗ ‘ಟಕ್’ ಎಂಬ ಶಬ್ದ ಕೇಳಿಬರುವುದು ಬಹಳ ಜನರಿಗೆ ಅನುಭವಕ್ಕೆ ಬಂದಿರುವ ಸಂಗತಿ. ಇದನ್ನು ಕೆಲವರು ಕಿವಿನೋವೆಂದು ತಿಳಿದು ಕಿವಿಗೆ ಎಣ್ಣೆ ಬಿಡಿಸುತ್ತಾರೆ. ಇನ್ನು ಕೆಲವರು ಹಲ್ಲುನೋವೆಂದು ಭಾವಿಸಿ ಹಲ್ಲು ಕೀಳಿಸಿಕೊಳ್ಳುತ್ತಾರೆ. ಹಲ್ಲು ಹೋಗುತ್ತದೆ, ನೋವು ಉಳಿಯುತ್ತದೆ. ನೋವಿನ ಮೂಲ ದವಡೆಯ ಕೀಲಿನಲ್ಲಿಯೋ ಅದರ ಸ್ನಾಯುಗಳಲ್ಲಿಯೋ ಇದ್ದಾಗ ಗಟ್ಟಿಯಾದ ಹಲ್ಲನ್ನು ತೆಗೆಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಆದುದರಿಂದ ಚಿಕಿತ್ಸೆಗೆ ಮುನ್ನ ಈ ಕೆಳಗಿನ ವಿಷಯಗಳನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ದವಡೆ ಕೀಲು ಎಂದರೇನು?

ಕಿವಿಯ ರಂಧ್ರದ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಬೆರಳಿನ ಕೆಳಗೆ ಒಂದು ಮೂಳೆ ಸರಿದಾಡುವುದು ತಿಳಿಯುತ್ತದೆ. ಅದೇ ದವಡೆ ಕೀಲು. ಕೆಳದವಡೆಯ ಗುಂಡನೆಯ ತುದಿಯು ತಲೆಬುರುಡೆಯ ಗುಳಿಯಲ್ಲಿ ಕೂತಿರುತ್ತದೆ. ಎರಡರ ನಡುವೆ ಮೆತ್ತೆಯಂತಹ ಒಂದು ಬಿಲ್ಲೆ ಇರುತ್ತದೆ. ಬಾಯಿಯನ್ನು ಸ್ವಲ್ಪ ತೆರೆದಾಗ ಈ ಕೀಲು ಬಾಗಿಲ ತಿರುಗಣಿಯಂತೆ ತಿರುಗುತ್ತದೆ, ಹೆಚ್ಚು ತೆರೆದಾಗ ಮುಂದಕ್ಕೆ ಜಾರುತ್ತದೆ. ಎಡಬಲದ ಎರಡು ಕೀಲುಗಳೂ ಒಂದೇ ಮೂಳೆಗೆ ಸೇರಿರುವುದರಿಂದ ಒಂದು ಕೆಟ್ಟರೆ ಮತ್ತೊಂದರ ಮೇಲೂ ಭಾರ ಬೀಳುತ್ತದೆ.

ಬಿಲ್ಲೆಯು ತನ್ನ ಜಾಗದಿಂದ ಸ್ವಲ್ಪ ಸರಿದಾಗ ಶಬ್ದ ಬರುತ್ತದೆ. ನೋವಿಲ್ಲದೆ ಕೇವಲ ಶಬ್ದ ಬರುವುದು ಸಾಮಾನ್ಯವಾಗಿದ್ದು, ಅದಕ್ಕೆ ಚಿಕಿತ್ಸೆಯ ಅಗತ್ಯವಿರುವುದಿಲ್ಲ. ಶಬ್ದದೊಡನೆ ನೋವು ಬಂದಲ್ಲಿ ಅಥವಾ ಬಾಯಿ ಅರ್ಧಕ್ಕೆ ಸಿಕ್ಕಿಕೊಂಡಲ್ಲಿ ಮಾತ್ರ ವೈದ್ಯರಿಗೆ ತೋರಿಸತಕ್ಕದ್ದು. ತಮ್ಮದೇ ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಹಾಗೂ ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಲು ಸಾಧ್ಯವಾದರೆ ಬಾಯಿ ತೆರೆಯುವಿಕೆ ಸರಿಯಾಗಿದೆ ಎಂದು ಸ್ಥೂಲವಾಗಿ ಹೇಳಬಹುದು. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಇರುತ್ತದೆ.

ಹಲ್ಲು ಕಡಿಯುವುದು ಏಕೆ?

ನಿದ್ರೆಯಲ್ಲಿ ಹಲ್ಲು ಮಸೆಯುವ ಮಕ್ಕಳಿಗೆ ಹೊಟ್ಟೆಯಲ್ಲಿ ಜಂತು ಆಗಿದೆ ಎಂದು ನಮ್ಮಲ್ಲಿ ಬಹುಕಾಲದಿಂದ ಹೇಳಿಕೊಂಡು ಬರಲಾಗಿದೆ. ಜಂತುಹುಳು ನಿವಾರಣೆಯ ಮಾತ್ರೆಯನ್ನು ಶಾಲೆ ಮತ್ತು ಅಂಗನವಾಡಿಗಳಲ್ಲಿ ನೀಡುವಾಗ ತಪ್ಪದೆ ಕೊಡಿಸಬೇಕು, ಅದರ ಉಪಯೋಗ ಬೇರೆಯೇ ಇದೆ. ಆದರೆ ಹಲ್ಲು ಕಡಿಯುವುದಕ್ಕೆ ಜಂತುವೇ ಕಾರಣ ಎಂಬುದು ಸಾಬೀತಾಗಿಲ್ಲ. ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವ ವಯಸ್ಸಿನಲ್ಲಿ ಅನೇಕ ಮಕ್ಕಳು ಹಲ್ಲು ಕಡಿಯುತ್ತಾರೆ, ಬೆಳೆಯುತ್ತಾ ಹೋದಂತೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ಇದಕ್ಕಾಗಿ ಮಗುವನ್ನು ಗದರಿಸುವುದು ಸರಿಯಲ್ಲ. ನಿದ್ರೆಯಲ್ಲಿ ನಡೆಯುವುದು ಅದರ ಅರಿವಿಗೆ ಬಂದಿರುವುದೇ ಇಲ್ಲ. ಮಗು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಬಾಯಿಯಿಂದ ಉಸಿರಾಡುತ್ತಿದ್ದರೆ ಮಾತ್ರ ಮೂಗು-ಗಂಟಲು ತಜ್ಞರಿಗೆ ತೋರಿಸುವುದು ಸೂಕ್ತ.

ದೊಡ್ಡವರಲ್ಲಿ ಕಾರಣಗಳು ಹಲವು. ಗಾಢ ನಿದ್ರೆ ಹಗುರವಾಗುವ ಕ್ಷಣಗಳಲ್ಲಿ ದವಡೆಯ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಮನಸ್ಸಿನ ಒತ್ತಡ, ಧೂಮಪಾನ, ಮದ್ಯಪಾನ, ರಾತ್ರಿ ವೇಳೆ ಅತಿಯಾದ ಚಹಾ ಸೇವನೆ ಇದನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ನೀಡುವ ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಆದರೆ ವೈದ್ಯರನ್ನು ಕೇಳದೆ ಅಂತಹ ಮಾತ್ರೆಗಳನ್ನು ನಿಲ್ಲಿಸತಕ್ಕದ್ದಲ್ಲ. ಹಗಲಿನಲ್ಲಿ ಹಲ್ಲು ಬಿಗಿಹಿಡಿಯುವ ಅಭ್ಯಾಸ ಬೇರೊಂದು. ಸಾಲದ ಕಂತು, ಮಳೆಯ ಚಿಂತೆ, ಮನೆಯ ತಾಪತ್ರಯಗಳ ನಡುವೆ ಮನುಷ್ಯ ತನಗರಿವಿಲ್ಲದೆಯೇ ಗಂಟೆಗಟ್ಟಲೆ ಹಲ್ಲು ಕಚ್ಚಿಕೊಂಡಿರುತ್ತಾನೆ. ಊಟ, ಉಗುಳು ನುಂಗುವಿಕೆ ಎಲ್ಲ ಸೇರಿದರೂ ದಿನದಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬೇಕಾದ ಅವಧಿ ಬಹಳ ಕಡಿಮೆ.

ಕೀಲಿನ ನೋವಿಗೆ ಇದಲ್ಲದೆ ಗದ್ದಕ್ಕೆ ಬಿದ್ದ ಪೆಟ್ಟು, ಸಂಧಿವಾತ, ಒಂದೇ ಬದಿಯಲ್ಲಿ ಜಗಿಯುವ ರೂಢಿ ಮುಂತಾದವೂ ಕಾರಣವಾಗುತ್ತವೆ. 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುತ್ತದೆ. ನಮ್ಮ ಭಾಗದ ಖಡಕ್ ರೊಟ್ಟಿ ಕಾಯಿಲೆಗೆ ಕಾರಣವಲ್ಲ. ಆದರೆ ನೊಂದಿರುವ ಕೀಲಿಗೆ ಅದು ಹೆಚ್ಚಿನ ಶ್ರಮ ಕೊಡುತ್ತದೆ ಎಂಬುದನ್ನು ಗಮನಿಸಬೇಕು.

ಅಡಿಕೆ, ಗುಟಖಾ ಸೇವಿಸುವವರ ಗಮನಕ್ಕೆ

ಬಾಯಿ ತೆರೆಯಲಾಗುತ್ತಿಲ್ಲ ಎಂದು ಬರುವವರೆಲ್ಲರಿಗೂ ಕೀಲಿನ ತೊಂದರೆ ಇರುವುದಿಲ್ಲ. ಗುಟಖಾ, ಮಾವಾ, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿಕೊಂಡು ನಾರಿನಂತೆ ಗಟ್ಟಿಯಾಗಿ, ತಿಂಗಳು ತಿಂಗಳಿಗೆ ಬಾಯಿ ಕಿರಿದಾಗುತ್ತಾ ಬರುತ್ತದೆ. ಖಾರ ತಾಗಿದರೆ ಉರಿಯುವುದು ಇದರ ಮೊದಲ ಗುರುತು. ಕೀಲಿನ ತೊಂದರೆಯಲ್ಲಿ ಈ ಉರಿ ಇರುವುದಿಲ್ಲ. ಇದು ಬಾಯಿಯ ಕ್ಯಾನ್ಸರಿಗೆ ತಿರುಗಬಹುದಾದ ಸ್ಥಿತಿ. ರಾಜ್ಯದಲ್ಲಿ ಗುಟಖಾವನ್ನು 2013ರಲ್ಲಿಯೇ ನಿಷೇಧಿಸಲಾಗಿದೆ. ತಂಬಾಕು ಬಿಟ್ಟು ಬರಿ ಅಡಿಕೆ ಜಗಿದರೆ ಅಪಾಯವಿಲ್ಲ ಎಂದು ನಂಬಿದವರು ಈಗಲೂ ಬಹಳ ಮಂದಿ ಇದ್ದಾರೆ. ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ ಆಗಿದೆ.

ಮಕ್ಕಳ ಗದ್ದಕ್ಕೆ ಪೆಟ್ಟು ಬಿದ್ದಲ್ಲಿ

ಈ ವಿಷಯವನ್ನು ಪೋಷಕರು ವಿಶೇಷವಾಗಿ ಗಮನಿಸಬೇಕು. ಮಾಳಿಗೆಯಿಂದ, ಗಿಡದಿಂದ ಅಥವಾ ಸೈಕಲ್ಲಿನಿಂದ ಬಿದ್ದ ಮಗುವಿನ ಗದ್ದ ಒಡೆದಿದ್ದರೆ ಹೊಲಿಗೆ ಹಾಕಿಸಿ ಮನೆಗೆ ಕರೆತರುವುದು ರೂಢಿ. ಪೆಟ್ಟು ಬಿದ್ದದ್ದು ಗದ್ದಕ್ಕಾದರೂ ಮೂಳೆ ಮುರಿಯುವುದು ಹಲವು ಸಲ ಕಿವಿಯ ಮುಂದಿನ ಕೀಲಿನಲ್ಲಿ. ಹೊರಗಿನ ಗಾಯ ಮಾಯುತ್ತದೆ, ಒಳಗಿನ ಮುರಿತ ಯಾರ ಗಮನಕ್ಕೂ ಬರುವುದಿಲ್ಲ. ಕೀಲಿನೊಳಗೆ ಹೆಪ್ಪುಗಟ್ಟಿದ ರಕ್ತ ಕಾಲಕ್ರಮೇಣ ಮೂಳೆಯಾಗಿ ಬೆಳೆದು ದವಡೆಯು ತಲೆಬುರುಡೆಗೆ ಬೆಸೆದುಕೊಳ್ಳಬಹುದು. ಆಗ ಮಗು ಬಾಯಿ ತೆರೆಯಲಾರದು, ಸರಿಯಾಗಿ ಉಣ್ಣಲಾರದು. ಗದ್ದದ ಬೆಳವಣಿಗೆ ಕುಂಠಿತವಾಗಿ ಮುಖ ಒಂದು ಕಡೆಗೆ ವಾಲುತ್ತದೆ. ಕಿವಿ ಸೋರುವ ಕಾಯಿಲೆಯನ್ನು ನಿರ್ಲಕ್ಷಿಸಿದಾಗ ಸೋಂಕು ಕೀಲಿಗೆ ಹರಡಿಯೂ ಹೀಗಾಗುವುದುಂಟು.

ಇದನ್ನು ತಡೆಯುವ ಕಾಲ ಮೊದಲ ಕೆಲವು ವಾರಗಳು. ಗದ್ದಕ್ಕೆ ಪೆಟ್ಟು ಬಿದ್ದ ಮಗುವಿಗೆ ಕಿವಿಯ ಮುಂದೆ ನೋವು ಅಥವಾ ಊತವಿದ್ದಲ್ಲಿ, ಬಾಯಿ ತೆರೆದಾಗ ಗದ್ದ ಒಂದು ಬದಿಗೆ ಸರಿದಲ್ಲಿ, ಕಿವಿಯಿಂದ ರಕ್ತ ಬಂದಲ್ಲಿ ದವಡೆಯ ಕ್ಷ-ಕಿರಣ ಪರೀಕ್ಷೆ ಮಾಡಿಸಲು ವೈದ್ಯರನ್ನು ಕೋರಬೇಕು. ಮುಂದೆ ವೈದ್ಯರು ತಿಳಿಸಿದಂತೆ ಬಾಯಿ ತೆರೆಯುವ ವ್ಯಾಯಾಮವನ್ನು, ಮಗು ಅತ್ತರೂ, ಬಿಡದೆ ಮಾಡಿಸಬೇಕು. ಬೆಸೆದುಕೊಂಡ ಕೀಲಿಗೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಚಿಕಿತ್ಸೆ

ಉಳಿದ ಬಹುಪಾಲು ಕೀಲುನೋವುಗಳಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ವಾರ ದವಡೆಗೆ ವಿಶ್ರಾಂತಿ ನೀಡುವುದೇ ಮೊದಲ ಚಿಕಿತ್ಸೆ. ಬಿಸಿಯಾದ ಮೆತ್ತನೆಯ ರೊಟ್ಟಿಯನ್ನು ಚಿಕ್ಕದಾಗಿ ಮುರಿದು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಅಂಬಲಿ, ಅನ್ನ, ನುಚ್ಚು ಉತ್ತಮ. ಕಬ್ಬು ಸಿಗಿದು ತಿನ್ನುವುದು, ಹುರಿಗಡಲೆ, ಅಡಿಕೆ ಬೇಡ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 10-15 ನಿಮಿಷ ಕೆನ್ನೆಗೆ ಶಾಖ ಕೊಡಬೇಕು. ಆಕಳಿಸುವಾಗ ಗದ್ದದ ಕೆಳಗೆ ಕೈ ಆಧಾರ ಕೊಡಬೇಕು. ತುಟಿಗಳು ಮುಚ್ಚಿದ್ದು ಹಲ್ಲುಗಳು ಬಿಡಿಯಾಗಿರುವುದು, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ತಾಗಿರುವುದು ದವಡೆಯ ಸಹಜ ವಿಶ್ರಾಂತ ಸ್ಥಿತಿ. ಕೆಲಸದ ನಡುವೆ ಇದನ್ನು ಆಗಾಗ ನೆನಪಿಸಿಕೊಂಡರೆ ಹಗಲಿನ ಹಲ್ಲು ಬಿಗಿಯುವಿಕೆ ಕಡಿಮೆಯಾಗುತ್ತದೆ.

ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಅಲ್ಪ ಅವಧಿಗೆ ಸೇವಿಸಬಹುದು. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಅಥವಾ ಹೊಟ್ಟೆಹುಣ್ಣು ಇರುವವರು ಅಂಗಡಿಯಿಂದ ತಾವೇ ಕೊಂಡು ನುಂಗಬಾರದು.

ರಾತ್ರಿ ಹಲ್ಲು ಕಡಿಯುವವರಿಗೆ ದಂತವೈದ್ಯರು ಬಾಯಿಯ ಅಚ್ಚು ತೆಗೆದುಕೊಂಡು ‘ನೈಟ್ ಗಾರ್ಡ್’ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಮಾಡಿಕೊಡುತ್ತಾರೆ. ಇದು ಹಲ್ಲು ಸವೆಯದಂತೆ ಕಾಪಾಡುತ್ತದೆಯೇ ಹೊರತು ಅಭ್ಯಾಸವನ್ನೇ ನಿಲ್ಲಿಸುತ್ತದೆ ಎಂದು ಭಾವಿಸಬಾರದು. ಕೀಲುನೋವಿನ ಚಿಕಿತ್ಸೆಯೆಂದು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡುವುದು, ಎಲ್ಲ ಹಲ್ಲುಗಳಿಗೂ ಟೋಪಿ ಹಾಕಿಸುವುದು ಮರಳಿ ಸರಿಪಡಿಸಲಾಗದ ಕ್ರಮಗಳು. ಅಂತಹ ಸಲಹೆ ಬಂದಲ್ಲಿ ಒಪ್ಪುವ ಮುನ್ನ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಆಕಳಿಸಿದ ನಂತರ ತೆರೆದ ಬಾಯಿ ಮುಚ್ಚದಿದ್ದಲ್ಲಿ ಕೀಲು ತಪ್ಪಿದೆ ಎಂದರ್ಥ. ಕೆನ್ನೆಗೆ ಹೊಡೆಯುವುದು, ಬಲವಂತವಾಗಿ ಮೇಲಕ್ಕೆ ಒತ್ತುವುದು, ನೀವಿಸುವುದು ಕೂಡದು. ಗದ್ದಕ್ಕೆ ಬಟ್ಟೆಯ ಆಧಾರ ಕಟ್ಟಿ ಬೇಗನೆ ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಕೈಯಿಂದಲೇ ಕೂರಿಸುತ್ತಾರೆ. ನಡೆದಾಗ, ಭಾರ ಎತ್ತಿದಾಗ ದವಡೆ ನೋಯುತ್ತಿದ್ದು, ಜೊತೆಗೆ ಎದೆ ಬಿಗಿತ, ಬೆವರು, ಎಡತೋಳಿನ ನೋವು ಇದ್ದಲ್ಲಿ ಅದು ಹೃದಯದ ತೊಂದರೆ ಇರಬಹುದು. ಗಾಯವಾದ ಕೆಲವು ದಿನಗಳ ನಂತರ ದವಡೆ ಕಚ್ಚಿಕೊಂಡಲ್ಲಿ ಧನುರ್ವಾಯುವಿನ ಸಂಶಯವಿದೆ. ಈ ಎರಡೂ ಸಂದರ್ಭಗಳಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

ಸೇವೆ ಪಡೆಯುವ ವಿಧಾನ

ಮೊದಲು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸಿ, ಅವರ ಸಲಹೆಯಂತೆ ಆಳಂದದ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಿಮ್ಸ್ ಬೋಧಕ ಆಸ್ಪತ್ರೆ ಹಾಗೂ ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಇವೆ. ದಂತ ಕಾಲೇಜುಗಳಲ್ಲಿ ಮುಖ ಮತ್ತು ದವಡೆ ಶಸ್ತ್ರಚಿಕಿತ್ಸಾ ವಿಭಾಗವನ್ನು ವಿಚಾರಿಸಬೇಕು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಶಸ್ತ್ರಚಿಕಿತ್ಸೆ ಪಡೆಯಬಯಸುವವರು ಆಧಾರ್ ಕಾರ್ಡ್, ಪಡಿತರ ಚೀಟಿ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದೊಂದಿಗೆ ಹೋಗಿ, ತಮ್ಮ ಚಿಕಿತ್ಸೆ ಯೋಜನೆಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಆರೋಗ್ಯ ಮಿತ್ರರಿಂದ ಖಚಿತಪಡಿಸಿಕೊಳ್ಳಬೇಕು. ನೈಟ್ ಗಾರ್ಡಿನಂತಹ ಹೊರರೋಗಿ ಸೇವೆಗಳಿಗೆ ತಗಲುವ ಶುಲ್ಕವನ್ನೂ ಅಚ್ಚು ಕೊಡುವ ಮುನ್ನವೇ ಕೇಳಿ ತಿಳಿದುಕೊಳ್ಳಬೇಕು. ಒತ್ತಡ, ನಿದ್ರಾಹೀನತೆ ಇರುವವರು ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ. ಹಿಂದೆ ತೆಗೆಸಿದ ಕ್ಷ-ಕಿರಣ ಚಿತ್ರಗಳು ಮತ್ತು ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನು ಜೊತೆಗೆ ತರತಕ್ಕದ್ದು.