ಧ್ವನಿವರ್ಧಕಗಳ ತಾರತಮ್ಯ

ನಮ್ಮ ಮನೆಯಾಕೆಗೆ ಐವತ್ತೈದು ದಾಟಿದ ಮೇಲೆ ಕಿವಿಯು ಕೊಂಚ ಮಂದವಾಯಿತು. ರಾಗವು ತಿಳಿಯುವುದು; ಸಾಹಿತ್ಯದ ಅಕ್ಷರಗಳು ತಿಳಿಯವು. ಇದನ್ನು ಕಂಡು ಮರುಗಿದ ನಮ್ಮ ಹುಡುಗನು ಅಂಗಡಿಯೊಂದರಿಂದ ಒಂದು ಜೊತೆ ಸ್ಪೀಕರುಗಳನ್ನು ಕೊಂಡುತಂದನು. ಪೆಟ್ಟಿಗೆಯ ಮೇಲೆ ವ್ಯಾಟಿನ ಸಂಖ್ಯೆಯು ಹೆಬ್ಬೆರಳಗಲದ ಅಂಕೆಗಳಲ್ಲಿ ಅಚ್ಚಾಗಿದ್ದಿತು. ಮೃದಂಗದ ಎಡಮುಖವು ಮೇಘಗರ್ಜನೆಯಂತೆ ಮೊಳಗಿತು. ಗಾಯಕಿಯ ಕಂಠವು ಅದರಡಿಯಲ್ಲಿ ಅಡಗಿಹೋಯಿತು. "ಏನೂಂದ್ರೆ, ಇದಕ್ಕಿಂತ ಆ ಹಳೇ ರೇಡಿಯೋನೇ ವಾಸಿ" ಎಂದಳು.

ಕಾರಣವನ್ನು ವಿಚಾರಿಸೋಣ. ವಯಸ್ಸಾದಂತೆ ಮೊದಲು ಕುಂದುವುದು ತಾರಧ್ವನಿಗಳ ಶ್ರವಣ. ವೈಯಾಕರಣರು ಅಘೋಷಗಳೆಂದು ಹೆಸರಿಟ್ಟ ಕ, ಚ, ಟ, ತ, ಪಗಳೂ ಶ, ಷ, ಸಗಳೂ ಬಹುಮಟ್ಟಿಗೆ ಆ ಎತ್ತರದಲ್ಲಿಯೇ ಇರುವುವು. ಮಂದ್ರವನ್ನು ಹಿಗ್ಗಿಸಿದರೆ ಅವು ಇನ್ನಷ್ಟು ಮರೆಯಾಗುವುವಲ್ಲದೆ ಪ್ರಕಟವಾಗವು.

ಇನ್ನು ವ್ಯಾಟಿನ ಮಾತು. ಕ್ಷಣಮಾತ್ರ ತಾಳಬಲ್ಲ ಶಕ್ತಿಯು ಬೇರೆ, ಎಡೆಬಿಡದೆ ತಾಳಬಲ್ಲ ಶಕ್ತಿಯು ಬೇರೆ, ಎರಡನೆಯದನ್ನು ಆರ್.ಎಂ.ಎಸ್. ಎಂದು ಬರೆಯುವರು. ಅದಕ್ಕಿಂತಲೂ ಮುಖ್ಯವಾದುದು ಸಂವೇದನಶೀಲತೆ, ಎಂದರೆ ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬಲ್ ಬರುವುದೆಂಬುದು. ಮೂರು ಡೆಸಿಬಲ್ ಹೆಚ್ಚಿಸಲು ಶಕ್ತಿಯನ್ನು ಇಮ್ಮಡಿಸಬೇಕು. ಆದುದರಿಂದ 90 ಡೆಸಿಬಲಿನ ಸ್ಪೀಕರಿಗೆ 10 ವ್ಯಾಟು ಸಾಕಾದಲ್ಲಿ 84ರದಕ್ಕೆ 40 ಬೇಕು. ಈ ಲೆಕ್ಕವು ನಮ್ಮ ಪ್ರೌಢಶಾಲೆಯ ಹುಡುಗರಿಗೂ ಸಾಧ್ಯ; ಆದರೆ ಅಂಗಡಿಯಲ್ಲಿ ಕೇಳುವವರೇ ಇಲ್ಲ.

ಹೆಸರುಗಳಿಗೆ ಬರೋಣ. ಚಿತ್ರಮಂದಿರಗಳ ಧ್ವನಿವರ್ಧಕಗಳಲ್ಲಿ ಪಳಗಿದ ಜೇಮ್ಸ್ ಲ್ಯಾನ್ಸಿಂಗರು 1946ರಲ್ಲಿ ಜೆ.ಬಿ.ಎಲ್. ಸಂಸ್ಥೆಗೆ ಮೂಲಪುರುಷರಾದರು, ಅದರ ಒಡೆಯರಾದ ಹರ್ಮನ್ ಕಂಪೆನಿಯು 2017ರಲ್ಲಿ ಸ್ಯಾಮ್‌ಸಂಗಿನ ಕೈಸೇರಿತು. ಬಂಗಾಳದ ದೇಶಭಕ್ತರೊಬ್ಬರ ಮಗನಾದ ಅಮರ ಬೋಸರು ಎಂ.ಐ.ಟಿ.ಯಲ್ಲಿ ಅಧ್ಯಾಪಕರಾಗಿದ್ದುಕೊಂಡೇ 1964ರಲ್ಲಿ ಬೋಸ್ ಸಂಸ್ಥೆಯನ್ನು ತೆರೆದರು. 1968ರ ಅವರ 901 ಎಂಬುದರಲ್ಲಿ ಒಂಬತ್ತು ಸ್ಪೀಕರುಗಳು. ಎಂಟು ಗೋಡೆಯ ಕಡೆಗೆ, ಒಂದೇ ಒಂದು ಕೇಳುವವನ ಕಡೆಗೆ! ನಾದವು ಕೋಣೆಯನ್ನೆಲ್ಲ ತುಂಬುವುದೇನೋ ನಿಜ. ಅಕ್ಷರಸ್ಪಷ್ಟತೆಗೆ ನೇರವಾದ ನಾದವೇ ಮೇಲೆಂದು ನನ್ನ ಮತ. 1961ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ರೇಮಂಡ್ ಕುಕ್ಕರು ಆರಂಭಿಸಿದ ಕೆ.ಇ.ಎಫ್. ಸಂಸ್ಥೆಯು 1988ರಿಂದ ತಾರಧ್ವನಿಯ ಚಿಕ್ಕ ಸ್ಪೀಕರನ್ನು ದೊಡ್ಡದರ ನಡುವೆಯೇ ಇಡುವ ಕ್ರಮವನ್ನು ತಂದಿತು. ಸ್ವರಗಳೆಲ್ಲವೂ ಒಂದೇ ಬಾಯಿಂದ ಬಂದಂತಾಗುವುದು.

ಕಾರಿನ ಸಂಗತಿಯೇ ಬೇರೆ. ಕಾರಿನೊಡನೆ ಬಂದ ರೇಡಿಯೋ ಸುಮಾರು 14 ವೋಲ್ಟಿನಲ್ಲಿ ನಡೆಯತಕ್ಕದ್ದು. 4 ಓಮಿನ ಸ್ಪೀಕರಿಗೆ ಅದು ಇಪ್ಪತ್ತು ವ್ಯಾಟಿನ ಆಸುಪಾಸಿಗಿಂತ ಹೆಚ್ಚು ಕೊಡಲಾರದು. ಹೀಗಿರಲು 300 ವ್ಯಾಟಿನ ಚೀಟಿಯನ್ನು ನೋಡಿ ಮರುಳಾಗುವುದೇಕೆ? ಅಲ್ಲಿ ಹೆಸರಿಗಿಂತಲೂ ಬಾಗಿಲಿನ ಒಳತಗಡಿನ ರಂಧ್ರಗಳನ್ನು ಮುಚ್ಚಿಸುವುದೇ ಹೆಚ್ಚು ಫಲಕಾರಿ. ಇಲ್ಲವಾದರೆ ಸ್ಪೀಕರಿನ ಹಿಂದಣ ಅಲೆಯು ಮುಂದಣ ಅಲೆಯನ್ನು ನುಂಗುವುದು. ನಮ್ಮ ಕಾರಿಗೆ ಇಷ್ಟನ್ನೇ ಮಾಡಿಸಿದೆವು.

ಮನೆಗೆ ತಂದುದನ್ನು ಅರ್ಧ ಬೆಲೆಗೆ ಮಾರಿದುದಾಯಿತು. ಈ ಸಲ ಆಕೆಯನ್ನೇ ಕರೆದುಕೊಂಡು, ಆಕೆ ಚೆನ್ನಾಗಿ ಬಲ್ಲ ಒಂದೇ ಕೀರ್ತನೆಯನ್ನು ಮೂರು ಅಂಗಡಿಗಳಲ್ಲಿ ಹಾಕಿಸಿ ಕೇಳಿಸಿದೆನು. ಕೊನೆಗೆ ಕೆ.ಇ.ಎಫ್.ನ ಚಿಕ್ಕ ಜೊತೆಯೊಂದು ಬಂದಿತು. ಮೂಲೆಯಿಂದ ಎರಡು ಅಡಿ ಈಚೆಗೆ, ಆಕೆ ಕೂರುವ ಕುರ್ಚಿಯ ಕಿವಿಯೆತ್ತರಕ್ಕೆ ಇಟ್ಟೆವು. ಮೊದಲನೆಯ ಸಂಜೆ ಕಣ್ಣು ಮುಚ್ಚಿ ಕೇಳುತ್ತಿದ್ದವಳು ತಟ್ಟನೆ ತಲೆಯೆತ್ತಿ, "ಎರಡನೇ ಚರಣದಲ್ಲಿ ಈಯಮ್ಮ ಒಂದಕ್ಷರ ನುಂಗಿಬಿಟ್ಟಳಲ್ಲ, ಕೇಳಿಸ್ತೇ?" ಎಂದಳು. ನನಗೆ ಕೇಳಿಸಿರಲಿಲ್ಲ.